ಅಪ್ಪನ ಜೀಪಿಗೆ ಎಷ್ಟು ರೇಟು ಹಿಡಿಯೋಣ?

ಉಪ್ಪಿನಂಗಡಿಯಲ್ಲಿ ಕಡಬದ ಬಸ್ಸು ಹತ್ತಿ ಆತೂರಿನಲ್ಲಿ ಇಳಿಯುವವರಿಗೆ ಕೊಯಿಲದ ದಾರಿ ಹೇಳಿಕೊಡಬೇಕಾಗಿಲ್ಲ. ದನ ಸಾಕುವ ಸರಕಾರಿ ಫಾರ್ಮಿನಿಂದಾಗಿ ಊರಿನ ಹೆಸರು ದೂರದವರಿಗೂ ಗೊತ್ತುಂಟು. ಮೊನ್ನೆ ನಾವು ಅಲ್ಲಿಗೆ ಹೋದದ್ದು ಒಂದು ಜೀಪು ನೋಡಲಿಕ್ಕೆ.

ಅಡಿಕೆ ತೋಟದ ಮನೆ. ಯಜಮಾನರು ತೀರಿಕೊಂಡು ಎರಡು ವರ್ಷ ಆಯಿತು. ಗಂಡು ಮಕ್ಕಳು ಇಬ್ಬರು. ದೊಡ್ಡವರು ತೋಟ ನೋಡಿಕೊಂಡಿದ್ದಾರೆ, ಚಿಕ್ಕವರು ಬೆಂಗಳೂರಿನಲ್ಲಿ ನೌಕರಿ. ಪಾಲುಪಟ್ಟಿ ಬರೆಯುವಾಗ ಗದ್ದೆ, ತೋಟ, ಮನೆ ಎಲ್ಲಕ್ಕೂ ತಕರಾರಿಲ್ಲದೆ ರೇಟು ಹಿಡಿದಾಯಿತು. ಸಿಕ್ಕಿಹಾಕಿಕೊಂಡದ್ದು ಕಟ್ಟಿಗೆ ಕೊಟ್ಟಿಗೆಯಲ್ಲಿ ನಿಂತಿದ್ದ 1968ರ ಮಹೀಂದ್ರ ಜೀಪಿನಲ್ಲಿ! ಗುಜರಿಯವ ತೂಕದ ಲೆಕ್ಕದಲ್ಲಿ ಕೇಳಿದ್ದ. ಇನ್ನೊಬ್ಬ ಬ್ರೋಕರು ಬಂದು, "ನಾಲ್ಕು ಲಕ್ಷ ಹಾಕಿ ಹೊಸತರ ಹಾಗೆ ಮಾಡಿಸಿ, ಹತ್ತಕ್ಕೆ ನಾನು ಕೊಡಿಸ್ತೇನೆ" ಎಂದು ಆಸೆ ಹುಟ್ಟಿಸಿ ಹೋದ. ಅಣ್ಣ ಗುಜರಿ ರೇಟು ಹಿಡಿಯೋಣ ಅಂತ, ತಮ್ಮ ಹತ್ತು ಲಕ್ಷ ಹಿಡಿಯೋಣ ಅಂತ. ಮಾತು ಬಿಗಿಯಾಗಿ, ಅಮ್ಮ ಎದ್ದು ಒಳಗೆ ಹೋದರಂತೆ.

ನಾವು ಪುತ್ತೂರಿನಿಂದ ಪರಿಚಯದ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆವು. ನಲವತ್ತು ವರ್ಷ ಜೀಪಿನ ಅಡಿಯಲ್ಲೇ ಮಲಗಿದ ಮನುಷ್ಯ. ಅವರು ಮೊದಲು ನೋಡಿದ್ದು ಬಾನೆಟ್ಟು. "ಎತ್ತರದ ಬಾನೆಟ್ಟು, ಸಿಜೆ ತ್ರೀ ಬಿ" ಅಂದರು. ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕಾಗಿ, ಅಮೆರಿಕದಲ್ಲಿ. ಯುದ್ಧ ಮುಗಿದ ಮೇಲೆ, 1947ರ ಹೊತ್ತಿಗೆ, ವಿಲ್ಲೀಸ್ ಕಂಪೆನಿಯ ಜೀಪನ್ನು ಬೊಂಬಾಯಿಯಲ್ಲಿ ಜೋಡಿಸಲಿಕ್ಕೆ ಮಹೀಂದ್ರದವರು ಸುರು ಮಾಡಿದರು. ಆಮೇಲೆ ಬಂದ ಹರಿಕೇನ್ ಎಂಬ ಪೆಟ್ರೋಲ್ ಇಂಜಿನು ಹಿಂದಿನದಕ್ಕಿಂತ ಎತ್ತರ. ಅದನ್ನು ಹಿಡಿಸಲಿಕ್ಕೆ ಬಾನೆಟ್ಟನ್ನೂ ಎತ್ತರಿಸಿದರು. ಸುಳ್ಯ, ಸುಬ್ರಹ್ಮಣ್ಯದ ಕಡೆ ಒಂದು ಕಾಲದಲ್ಲಿ ಸರ್ವಿಸ್ ಓಡಿದ ಜೀಪುಗಳ ಮುಖ ಇದೇ. ಹಿಂದಿನ ಕಂಬಿ ಹಿಡಿದು ನೇತಾಡಿ ಶಾಲೆಗೆ ಹೋದವರು ನಮ್ಮ ಓದುಗರಲ್ಲಿ ಎಷ್ಟು ಜನರಿಲ್ಲ!

ಮೇಸ್ತ್ರಿ ಬಾನೆಟ್ಟು ಎತ್ತಿದರು. ಮುಖ ಸ್ವಲ್ಪ ಸಣ್ಣದಾಯಿತು. ಒಳಗೆ ಇದ್ದದ್ದು ಡೀಸೆಲ್ ಇಂಜಿನು.

ಇದು ನಮ್ಮ ಕಡೆಯ ದೊಡ್ಡ ಕತೆ. ಪೆಟ್ರೋಲಿಗೆ ದುಡ್ಡು ಸುರಿಯಲಾರದೆ ಎಷ್ಟೋ ಜನ ಜೀಪಿಗೆ ಡೀಸೆಲ್ ಇಂಜಿನು ಕೂರಿಸಿದರು. ಹಾಗೆ ಮಾಡಿದ್ದರಿಂದಲೇ ಗಾಡಿ ಇಷ್ಟು ವರ್ಷ ಅಡಿಕೆ ಹೊತ್ತಿತು, ಗೊಬ್ಬರ ಹೊತ್ತಿತು, ರಾತ್ರಿ ಹೊತ್ತು ಬಾಣಂತಿಯನ್ನೂ ಹೊತ್ತಿತು. ಆದರೆ ಹಳೆ ಗಾಡಿಯ ಶೋಕಿಯವರು ಬಂದು ನೋಡಿದರೆ ರೇಟು ಇಳಿಯುವುದು ಇಲ್ಲಿಯೇ.

ಅಮೆರಿಕದಲ್ಲಿಯೂ ಇದೇ ಕತೆ. ಅಲ್ಲಿ 1960–70ರ ಕಾಲದ ಮಸ್ಟಾಂಗ್, ಕ್ಯಾಮರೋ, ಚಾರ್ಜರ್ ಎಂಬ ದೊಡ್ಡ ಇಂಜಿನಿನ ಕಾರುಗಳಿಗೆ ಮಸಲ್ ಕಾರು ಅಂತ ಹೆಸರು. ಕೊಳ್ಳುವವ ಮೊದಲು ಕೇಳುವುದು, ಕಾರ್ಖಾನೆಯಿಂದ ಬರುವಾಗ ಇದ್ದ ಇಂಜಿನೇ ಈಗಲೂ ಉಂಟಾ, ನಂಬ್ರ ತಾಳೆ ಆಗುತ್ತದಾ ಅಂತ. ಪಾಂಟಿಯಾಕ್ ಕಂಪೆನಿಯ ಜಿಟಿಓ ಕಾರು 1964 ಮತ್ತು 65ರಲ್ಲಿ ಸಾದಾ ಲೆಮಾನ್ಸ್ ಕಾರಿನ ಮೇಲೆ ಹೆಚ್ಚಿನ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಸಾಮಾನು ಮಾತ್ರ. ಚಾಸಿ ನಂಬ್ರ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸಾದಾ ಕಾರಿಗೆ ಜಿಟಿಓ ಬ್ಯಾಡ್ಜು ಹೊಡೆದು ಮಾರುವವರಿಗೆ ಇನ್ನೇನು ಬೇಕು? ಕಂಪೆನಿಯ ಹಳೆ ಬಿಲ್ಲಿನ ದಾಖಲೆ ತೆಗೆಸಿ ನೋಡಿದರೇ ಸತ್ಯ ಹೊರಗೆ ಬರುವುದು.

ರಿಪೇರಿಯ ವಿಷಯಕ್ಕೂ ಒಂದು ಮಾತು. 'ಬುಲ್ಲಿಟ್' ಎಂಬ 1968ರ ಸಿನಿಮಾದಲ್ಲಿ ಓಡಿದ ಹಸಿರು ಮಸ್ಟಾಂಗನ್ನು ಒಂದು ಕುಟುಂಬ 1974ರಲ್ಲಿ 6,000 ಡಾಲರಿಗೆ ಕೊಂಡಿತ್ತು. 2020ರ ಜನವರಿಯಲ್ಲಿ ಅದು ಏಲಂನಲ್ಲಿ ಹೋದದ್ದು 37 ಲಕ್ಷ ಡಾಲರಿಗಿಂತ ಮೇಲೆ. ಪೈಂಟು ಹೋಗಿತ್ತು, ತುಕ್ಕು ಇತ್ತು, ಯಾರೂ ಮುಟ್ಟಿರಲಿಲ್ಲ. ಹೊಸ ಪೈಂಟು ಹೊಡೆಸಿದ್ದರೆ ಅಷ್ಟು ಸಿಗುತ್ತಿರಲಿಲ್ಲ ಎಂದೇ ನಮ್ಮ ಅಂದಾಜು.

ತಮ್ಮ ಇದನ್ನು ಕೇಳಿ, "ಹಾಗಾದ್ರೆ ಗ್ಯಾರೇಜಿಗೆ ಹಾಕಿದ ನಾಲ್ಕು ಲಕ್ಷ ವಾಪಾಸು ಬರುದಿಲ್ವಾ ಮೇಸ್ತ್ರಿಗಳೇ?" ಎಂದರು.

"ಬರುತ್ತದೆ ಅಂತ ಯಾರು ಹೇಳಿದ್ದು? ನೀವು ಹಾಕಿದ ದುಡ್ಡು ನಿಮ್ಮ ಲೆಕ್ಕ. ಕೊಳ್ಳುವವ ಅವನ ಲೆಕ್ಕ ನೋಡ್ತಾನೆ ಮಾರಾಯ್ರೆ."

ಮಿಂಚುವ ಜೀಪು ಕೊಳ್ಳುವವರಿಗೂ ಅವರು ಕೆಲವು ಉಪಾಯ ಹೇಳಿದರು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಎಳೆಯಬೇಕು. ಹಿಡಿಯದ ಜಾಗದಲ್ಲಿ ಪೈಂಟಿನ ಅಡಿಗೆ ಪಟ್ಟಿ ತುಂಬಿದ್ದಾರೆ ಅಂತ ಲೆಕ್ಕ. ಕಾಲಡಿಯ ರಬ್ಬರ್ ಮ್ಯಾಟು ಎತ್ತಬೇಕು. ಚಾಸಿಯ ಅಡಿಗೆ ಹೋಗಿ, ಸ್ಪ್ರಿಂಗು ಕೂರುವಲ್ಲಿ ವೆಲ್ಡಿಂಗ್ ಗುರುತು ಹುಡುಕಬೇಕು. ಹರ್ಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆ ಮಾದರಿಯ ಜೀಪನ್ನು ಪೂರಾ ಹೊಸತಾಗಿ ಕಟ್ಟಿಕೊಡುತ್ತಾರೆ. ನೋಡಲಿಕ್ಕೆ ಚಂದವೇ. ಆದರೆ ಹಾಗೆ ಕಟ್ಟಿದ್ದನ್ನು 1960ರದ್ದು ಅಂತ ಮಾರಿದರೆ ಹಳತು ಅಂತ ಇರುವುದು ನಂಬ್ರ ಮಾತ್ರ.

ಕಾನೂನೂ ಇದಕ್ಕೆ ಸೇರುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗೆ ಬೇರೆ ನಿಯಮ ತಂದಿತು. ಐವತ್ತು ವರ್ಷ ಮೀರಿರಬೇಕು. ಚಾಸಿ, ಬಾಡಿ, ಇಂಜಿನು ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅಂಥ ಗಾಡಿಯಲ್ಲಿ ದಿನಾ ಪೇಟೆಗೆ ಹೋಗುವ ಹಾಗಿಲ್ಲ, ಬಾಡಿಗೆಯೂ ಇಲ್ಲ. ಸಾದಾ ನೋಂದಣಿಯಲ್ಲೇ ಇಡುವುದಾದರೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಕಂಪೆನಿಯ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಇಂಜಿನು ಬದಲಿಸಿದ್ದು ಆರ್‌ಸಿಯಲ್ಲಿ ಬರೆಸದೆ ಇದ್ದರೆ ಆರ್‌ಟಿಓ ಕಚೇರಿಗೆ ಅಲೆದಾಟ ತಪ್ಪಿದ್ದಲ್ಲ. ಇನ್ನು ಯಜಮಾನರ ಹೆಸರಿನಲ್ಲಿಯೇ ಇರುವ ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅಣ್ಣ ತಮ್ಮ ಮಾತು ಬಿಟ್ಟರೆ ಅದೂ ಇಲ್ಲ.

ಹೀಗಾಗಿ ಈ ಜೀಪಿಗೆ ಎರಡು ರೇಟು ಉಂಟು ಅಂತ ಮೇಸ್ತ್ರಿಯ ತೀರ್ಮಾನ. ಡೀಸೆಲ್ ಇಂಜಿನು, ಸರಿಯಾದ ಆರ್‌ಸಿ ಇದ್ದರೆ ತೋಟದ ಕೆಲಸದ ರೇಟು. ಶೋಕಿಯ ರೇಟು ಬೇಕಾದರೆ ಹುಟ್ಟಿನ ಪೆಟ್ರೋಲ್ ಇಂಜಿನು ಬೇಕು. ಎರಡನ್ನೂ ಒಟ್ಟಿಗೆ ಕೇಳಬಾರದು.

"ಆ ಇಂಜಿನು ಗುಜರಿಗೆ ಹೋಗಿರ್ಬೇಕು" ಎಂದರು ಅಣ್ಣ.

ಆಗ ಅಮ್ಮ ಬಾಗಿಲಿಗೆ ಬಂದರು. "ಎಲ್ಲಿಗೆ ಹೋಗುದು? ಕೊಡ್ಲಿಕ್ಕೆ ಅವ್ರು ಬಿಟ್ಟಿದ್ರಾ? ಅಡಿಕೆ ಸಿಪ್ಪೆಯ ಕೋಣೆಯಲ್ಲಿ ನೋಡಿ."

ಮೂರು ಗೋಣಿ ಸರಿಸಿದಾಗ ಸಿಕ್ಕಿತು. ಗ್ರೀಸು ಗಟ್ಟಿಯಾಗಿ ಕಲ್ಲಿನ ಹಾಗೆ ಕೂತಿತ್ತು. ಮೇಸ್ತ್ರಿ ಸೀಮೆಎಣ್ಣೆ ಕೇಳಿ, ಬ್ಲಾಕಿನ ಮೇಲೆ ಚಿಂದಿಯಿಂದ ತಿಕ್ಕಲಿಕ್ಕೆ ಕೂತರು. ಅಣ್ಣ ಟಾರ್ಚು ಹಿಡಿದರು. ಒಂದೊಂದೇ ಅಂಕೆ ಕಾಣಿಸತೊಡಗಿದಾಗ ತಮ್ಮ ಹಳೆ ಆರ್‌ಸಿ ಪುಸ್ತಕ ಹುಡುಕಲಿಕ್ಕೆ ಅಮ್ಮನ ಹಿಂದೆ ಒಳಗೆ ಹೋದರು. ನಮಗೆ ಕಡೆಯ ಬಸ್ಸಿಗೆ ಹೊತ್ತಾಗಿತ್ತು.