ರಜೆಯ ಶಾಲೆ

ಬೇಸಿಗೆಯ ರಜೆಯಲ್ಲಿ ನಮ್ಮ ನಾಡಿನ ಅನೇಕ ಚರ್ಚುಗಳು ಮಕ್ಕಳಿಗಾಗಿ ನಡೆಸುವ ‘ರಜಾ ಬೈಬಲ್ ಶಾಲೆ’ಯ ಮೂಲ ಕುತೂಹಲಕರವಾದುದು. ನ್ಯೂಯಾರ್ಕಿನ ಪೂರ್ವಭಾಗದ ಕಿಕ್ಕಿರಿದ ವಠಾರಗಳಲ್ಲಿ, ಶಾಲೆ ಮುಚ್ಚಿದೊಡನೆ ಬೀದಿಪಾಲಾಗುತ್ತಿದ್ದ ಮಕ್ಕಳನ್ನು ಕಂಡು ಮರುಗಿದ ಶ್ರೀಮತಿ ಹಾಸ್ ಎಂಬಾಕೆ 1898ರಲ್ಲಿ ಇಂಥದೊಂದು ಶಾಲೆಯನ್ನು ತೆರೆದರು. ಅದಕ್ಕೆ ಬಾಡಿಗೆಗೆ ದೊರೆತುದು ಒಂದು ಬಿಯರ್ ಅಂಗಡಿ! ಅಲ್ಲಿಯೇ ಹಾಡು, ಕಥೆ, ಆಟ, ಕೈಕೆಲಸಗಳು ನಡೆದವು. 1901ರಿಂದ ರಾಬರ್ಟ್ ಬೋವಿಲ್ ಈ ಪದ್ಧತಿಯನ್ನು ಇತರ ಚರ್ಚುಗಳಿಗೂ ಹಬ್ಬಿಸಿದರು.

ಕಥೆಯ ಜೊತೆಗೆ ಕೈಕೆಲಸಕ್ಕೂ ಎಡೆ ದೊರೆತುದೇ ಇದರ ಜೀವಾಳವೆಂದು ನನ್ನ ಎಣಿಕೆ. ಒಳ್ಳೆಯ ಸಮಾರ್ಯದವನ ಕಥೆಯನ್ನು ಮಗು ಕೇಳೀತು, ಬಾಯಿಪಾಠವನ್ನೂ ಮಾಡೀತು. ಆದರೆ ಹತ್ತು ಮಕ್ಕಳ ನಡುವೆ ಎರಡೇ ಕತ್ತರಿಗಳಿರುವಾಗ ತನ್ನ ಸರದಿಗಾಗಿ ಕಾಯುವುದು, ಕೈ ಕುದುರದ ಕಿರಿಯನಿಗೆ ಕಾಗದ ಕತ್ತರಿಸಿಕೊಡುವುದು, ಇವುಗಳಲ್ಲಿ ಆ ಕಥೆ ನಡತೆಯಾಗಿ ಪರಿಣಮಿಸುತ್ತದೆ.

ಹೆಚ್ಚು ವಾಕ್ಯಗಳನ್ನು ಒಪ್ಪಿಸಿದವರಿಗೆ ಬಹುಮಾನವೆಂಬ ವಾಡಿಕೆ ಮಾತ್ರ ನನಗೆ ರುಚಿಸದು. (ಪರೀಕ್ಷೆಗಳಲ್ಲಿಯೇ ಆಯುಷ್ಯ ಕಳೆದ ಅಧ್ಯಾಪಕ ಹೀಗೆನ್ನುವುದು ನಿಮಗೆ ಸೋಜಿಗವೆನಿಸೀತು.) ಜ್ಞಾಪಕಶಕ್ತಿಗೆ ದೊರೆತ ಪೆನ್ಸಿಲ್ ಪೆಟ್ಟಿಗೆಯನ್ನು ಮಗು ತನ್ನ ಸದ್ಗುಣಕ್ಕೆ ಸಂದ ಮನ್ನಣೆಯೆಂದೇ ಬಗೆಯುತ್ತದೆ, ಕತ್ತರಿಯನ್ನು ಬಿಟ್ಟುಕೊಟ್ಟ ಹುಡುಗಿ ಬರಿಗೈಯಲ್ಲಿ ಮನೆಗೆ ನಡೆಯುತ್ತಾಳೆ. ಏನಾದರೂ ಕೊಡಲೇಬೇಕೆಂದಿದ್ದರೆ ಎಲ್ಲರಿಗೂ ಒಂದೊಂದು ಪೆನ್ಸಿಲ್ ಕೊಟ್ಟು ಕಳುಹಿಸಬಹುದು.