ತಿಂಗಳು ತುಂಬದ ಮಗುವಿಗೆ ಎಷ್ಟು ಆಮ್ಲಜನಕ?

ಕೋವಿಡ್ ಕಾಲದಲ್ಲಿ ಮನೆಮನೆಯವರೂ ಒಂದು ಲೆಕ್ಕ ಕಲಿತರು. ಬೆರಳಿಗೆ ಪುಟ್ಟ ಕ್ಲಿಪ್ ಸಿಕ್ಕಿಸಿದರೆ 98 ಅಥವಾ 99 ಬರಬೇಕು, 94ಕ್ಕಿಂತ ಇಳಿದರೆ ಆಸ್ಪತ್ರೆಗೆ ಹೊರಡಬೇಕು. ಆ ಸಂಖ್ಯೆ ಮೇಲಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಜೊತೆಗೇ ಬೇರೂರಿತು. ದೊಡ್ಡವರ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ಏಳು ತಿಂಗಳಿಗೇ ಹುಟ್ಟಿದ, ಒಂದು ಕಿಲೊ ತೂಕದ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಮಲಗಿರುವ ಮಗುವಿನ ವಿಚಾರ ಬೇರೆ. ಅದರ ಪಾದಕ್ಕೆ ಕಟ್ಟಿದ ಯಂತ್ರ ಗಂಟೆಗಟ್ಟಲೆ 100 ತೋರಿಸುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ. ಆ ಮಗುವಿನ ಕಣ್ಣಿಗೆ ಕುತ್ತು ಬರಬಹುದು.

ಆಮ್ಲಜನಕ ಒಂದು ಔಷಧಿ. ಎಲ್ಲ ಔಷಧಿಗಳಂತೆ ಇದಕ್ಕೂ ಪ್ರಮಾಣವಿದೆ. ಕಡಿಮೆಯಾದರೆ ಜೀವಕ್ಕೆ ಅಪಾಯ, ಹೆಚ್ಚಾದರೆ ದೃಷ್ಟಿಗೆ ಅಪಾಯ. ಈ ಎರಡರ ನಡುವಿನ ದಾರಿ ಬಹಳ ಕಿರಿದು. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಬೋಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಾಗಲಿ, ಆ ದಾರಿಯಲ್ಲಿ ಮಗುವನ್ನು ನಡೆಸಲು ದಾದಿಯರಿಗೆ ಹಗಲಿರುಳೂ ಆಸರೆಯಾಗಿರುವುದು ಒಂದೇ ಯಂತ್ರ: ಪಲ್ಸ್ ಆಕ್ಸಿಮೀಟರ್.

ಈ ಯಂತ್ರದ ಹಿಂದೆ ಜಪಾನಿನ ಎಂಜಿನಿಯರ್ ಟಕುಒ ಅಒಯಾಗಿ ಅವರ ಶ್ರಮವಿದೆ. 1970ರ ದಶಕದ ಆರಂಭದಲ್ಲಿ ಅವರು ನಿಹೊನ್ ಕೊಡೆನ್ ಸಂಸ್ಥೆಯಲ್ಲಿದ್ದರು. ಹೃದಯ ಎಷ್ಟು ರಕ್ತ ಹೊರಹಾಕುತ್ತದೆಂದು ಬೆಳಕಿನ ಮೂಲಕ ಅಳೆಯುವುದು ಅವರ ಕೆಲಸವಾಗಿತ್ತು. ನಾಡಿ ಬಡಿದಾಗಲೆಲ್ಲ ಅಳತೆ ಅಲುಗಾಡಿ ಲೆಕ್ಕ ಕೆಡುತ್ತಿತ್ತು. ಆ ಅಲುಗಾಟವನ್ನು ಅಳಿಸಲು ಹೊರಟವರಿಗೆ ಅದರೊಳಗೇ ಬೇಕಾದ ಮಾಹಿತಿ ಅಡಗಿದೆ ಎಂದು ಹೊಳೆಯಿತು. ನಾಡಿಯೊಂದಿಗೆ ಬದಲಾಗುವುದು ಅಪಧಮನಿಯ ರಕ್ತ ಮಾತ್ರ. ಚರ್ಮ, ಮೂಳೆ, ಮಾಂಸ ಬದಲಾಗುವುದಿಲ್ಲ. ಹಾಗಾಗಿ ಬದಲಾಗುವ ಭಾಗವನ್ನಷ್ಟೇ ಹೆಕ್ಕಿಕೊಂಡರೆ ಅಪಧಮನಿಯ ರಕ್ತದ ಸ್ಥಿತಿ ತಿಳಿಯುತ್ತದೆ. 1974ರಲ್ಲಿ ಅವರು ಈ ವಿಚಾರವನ್ನು ವಿಜ್ಞಾನಿಗಳ ಮುಂದಿಟ್ಟರು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಲೋಕವೆಲ್ಲ ಅವರ ಯಂತ್ರಕ್ಕಾಗಿ ಹುಡುಕಾಡುತ್ತಿದ್ದ ಹೊತ್ತಿನಲ್ಲಿ.

ಮಗುವಿನ ಪಾದಕ್ಕೋ ಅಂಗೈಗೋ ಸುತ್ತುವ ಪಟ್ಟಿಗೆ ಪ್ರೋಬ್ ಎನ್ನುತ್ತಾರೆ. ಅದರ ಒಂದು ಬದಿಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು 660 ನ್ಯಾನೊಮೀಟರಿನ ಕೆಂಪು ಬೆಳಕು. ಇನ್ನೊಂದು ಸುಮಾರು 940 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಎದುರು ಬದಿಯಲ್ಲಿ ಬೆಳಕನ್ನು ಅಳೆಯುವ ಸಂವೇದಕ. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪನ್ನು ಹೆಚ್ಚು ಹೀರುತ್ತದೆ. ಎರಡರ ಅನುಪಾತದಿಂದ, ನೂರರಲ್ಲಿ ಎಷ್ಟು ಪಾಲು ಹಿಮೊಗ್ಲೋಬಿನ್ ಆಮ್ಲಜನಕ ಹೊತ್ತಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಈ ಅಂಕಿಯೇ ಸ್ಯಾಚುರೇಷನ್. ಚುಚ್ಚಬೇಕಿಲ್ಲ, ಒಂದು ಹನಿ ರಕ್ತವೂ ಬೇಡ. ಒಂದು ಕಿಲೊ ತೂಕದ ಮಗುವಿನ ಮೈಯಲ್ಲಿ ಇರುವ ರಕ್ತವೇ 80ರಿಂದ 90 ಮಿಲಿಲೀಟರ್. ಪದೇಪದೇ ರಕ್ತ ತೆಗೆದು ಪರೀಕ್ಷಿಸಿದರೆ ಮಗುವೇ ಸೊರಗುತ್ತದೆ. ಇಂಥ ಮಕ್ಕಳಿಗೆ ಈ ಯಂತ್ರ ವರವಾಗಿರುವುದು ಅದಕ್ಕೇ.

ಆದರೂ ಅದರ ಮಾತಿಗೆ ಒಂದು ಮಿತಿಯಿದೆ. ಕೋಲಾರದವರಿಗೆ ಇದು ಕೆರೆಯ ಲೆಕ್ಕದಲ್ಲಿ ಬೇಗ ಅರ್ಥವಾಗುತ್ತದೆ. ಕೆರೆ ತುಂಬುವ ತನಕ ನೀರಿನ ಮಟ್ಟ ನೋಡಿ ಎಷ್ಟು ನೀರು ಬಂತೆಂದು ಹೇಳಬಹುದು. ಕೋಡಿ ಬಿದ್ದ ಮೇಲೆ ಒಂದು ಕಾಲುವೆ ನೀರು ಬಂದರೂ ಹತ್ತು ಕಾಲುವೆ ನೀರು ಬಂದರೂ ಮಟ್ಟ ಅಷ್ಟೇ. ಹಿಮೊಗ್ಲೋಬಿನ್ ಪೂರ್ತಿ ತುಂಬಿದ ಮೇಲೆ ರಕ್ತದಲ್ಲಿ ಆಮ್ಲಜನಕದ ಒತ್ತಡ ಸಹಜಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಏರಿದರೂ ಯಂತ್ರ 100 ಎಂದೇ ತೋರಿಸುತ್ತದೆ. ಆದ್ದರಿಂದ ಆಮ್ಲಜನಕ ಪಡೆಯುತ್ತಿರುವ ಅವಧಿಪೂರ್ವ ಶಿಶುವಿಗೆ 90ರಿಂದ 95ರ ನಡುವಿನ ಗುರಿ ಇಟ್ಟುಕೊಳ್ಳುವುದು ಇಂದಿನ ಪದ್ಧತಿ. ಕೆಳಗಿನ ಅಂಚಿಗೆ ಅಲಾರಂ ಇರುವಂತೆ ಮೇಲಿನ ಅಂಚಿಗೂ ಅಲಾರಂ ಇಡಬೇಕು. ಆಮ್ಲಜನಕ ಕೊಡದೆ, ಸಾಮಾನ್ಯ ಗಾಳಿಯಲ್ಲೇ ಉಸಿರಾಡುವ ಮಗು 98 ಅಥವಾ 99 ತೋರಿಸಿದರೆ ಭಯ ಬೇಡ, ಅದು ಆರೋಗ್ಯದ ಲಕ್ಷಣ.

ಹೆಚ್ಚಿನ ಆಮ್ಲಜನಕ ಕಣ್ಣಿಗೇ ಏಕೆ ಹಾನಿ ಮಾಡುತ್ತದೆ? ಗರ್ಭದಲ್ಲಿ ಮಗುವಿನ ಸ್ಯಾಚುರೇಷನ್ 60ರ ಆಸುಪಾಸಿನಲ್ಲಿರುತ್ತದೆ. ಆ ಕಡಿಮೆ ಆಮ್ಲಜನಕದಲ್ಲೇ ಅಂಗಗಳು ಬೆಳೆಯುತ್ತವೆ. ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ರಕ್ತನಾಳಗಳು 16ನೇ ವಾರದ ಹೊತ್ತಿಗೆ ಮಧ್ಯದಿಂದ ಹೊರಟು, 40ನೇ ವಾರದ ಹತ್ತಿರ ಅಂಚು ಮುಟ್ಟುತ್ತವೆ. ಮುಂದಿನ ಜಾಗಕ್ಕೆ ಆಮ್ಲಜನಕ ಸಾಲದೆಂಬ ಸೂಚನೆಯೇ ಅವುಗಳನ್ನು ಮುಂದಕ್ಕೆ ಎಳೆಯುತ್ತದೆ. ಮಗು 28 ಅಥವಾ 30ನೇ ವಾರದಲ್ಲೇ ಹೊರಬಂದು ಅತಿಯಾದ ಆಮ್ಲಜನಕ ಸಿಕ್ಕಿತೆಂದರೆ ಆ ಸೂಚನೆ ನಿಲ್ಲುತ್ತದೆ, ನಾಳಗಳ ಬೆಳವಣಿಗೆಯೂ ನಿಲ್ಲುತ್ತದೆ. ಕೆಲವು ವಾರಗಳ ನಂತರ ಅಕ್ಷಿಪಟಲದ ಹಸಿವು ಹೆಚ್ಚಿದಾಗ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಹಬ್ಬುತ್ತವೆ. ಕೆಟ್ಟ ಪ್ರಕರಣಗಳಲ್ಲಿ ಅಕ್ಷಿಪಟಲವನ್ನೇ ಎಳೆದು ಕಿತ್ತು ಕುರುಡು ತರುತ್ತವೆ. ಇದೇ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ವೈದ್ಯರ ಬಾಯಲ್ಲಿ ಆರ್‌ಒಪಿ.

ಇದನ್ನು ಕಲಿಯಲು ಜಗತ್ತು ದೊಡ್ಡ ಬೆಲೆ ತೆತ್ತಿದೆ. 1942ರಲ್ಲಿ ಬೋಸ್ಟನ್ನಿನ ಕಣ್ಣಿನ ವೈದ್ಯ ಥಿಯೊಡೋರ್ ಟೆರಿ ಈ ಕುರುಡನ್ನು ಮೊದಲು ವಿವರಿಸಿದರು. ಆಗ ಅಮೆರಿಕದ ಆಸ್ಪತ್ರೆಗಳು ಇನ್‌ಕ್ಯುಬೇಟರಿನೊಳಗೆ ಧಾರಾಳವಾಗಿ ಆಮ್ಲಜನಕ ಬಿಡುತ್ತಿದ್ದವು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡರೆಂಬ ಅಂದಾಜಿದೆ. 1951ರಲ್ಲಿ ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಕಡೆಗೆ ಬೆರಳು ತೋರಿದರು. 1953–54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗ ಅದನ್ನು ದೃಢಪಡಿಸಿತು. ಕೂಡಲೇ ಎಲ್ಲೆಡೆ ಆಮ್ಲಜನಕಕ್ಕೆ ಕಡಿವಾಣ ಬಿತ್ತು. ಕುರುಡು ಇಳಿಯಿತು, ಸಾವು ಏರಿತು. ಉಳಿಸಿದ ಒಂದೊಂದು ದೃಷ್ಟಿಗೆ ಸುಮಾರು 16 ಮಕ್ಕಳ ಜೀವ ಹೋಯಿತೆಂದು 1973ರ ಒಂದು ಲೆಕ್ಕಾಚಾರ ಹೇಳಿತು.

ಹಾಗಾದರೆ ಸರಿಯಾದ ಅಂಕಿ ಯಾವುದು? ಇದಕ್ಕೆ ಉತ್ತರ ಹುಡುಕಲು ಹಲವು ದೇಶಗಳಲ್ಲಿ ಐದು ಪ್ರಯೋಗಗಳು ನಡೆದವು. 28 ವಾರಕ್ಕಿಂತ ಮೊದಲೇ ಹುಟ್ಟಿದ 4,965 ಮಕ್ಕಳ ಒಟ್ಟು ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸ್ಯಾಚುರೇಷನ್ ಗುರಿಯನ್ನು 85–89ಕ್ಕೆ ಇಟ್ಟ ಗುಂಪಿನಲ್ಲಿ ಶೇ 19.9 ಮಕ್ಕಳು ತೀರಿಕೊಂಡರು. 91–95ಕ್ಕೆ ಇಟ್ಟ ಗುಂಪಿನಲ್ಲಿ ಶೇ 17.1. ಕಣ್ಣಿನ ಚಿಕಿತ್ಸೆ ಬೇಕಾದ ಮಕ್ಕಳು ಮೊದಲ ಗುಂಪಿನಲ್ಲಿ ಶೇ 10.9, ಎರಡನೆಯದರಲ್ಲಿ ಶೇ 14.9. ಕರುಳಿನ ಗಂಭೀರ ಕಾಯಿಲೆಯೂ ಕಡಿಮೆ ಆಮ್ಲಜನಕದ ಗುಂಪಿನಲ್ಲೇ ಹೆಚ್ಚು. ಕಣ್ಣಿಗೆ ಚಿಕಿತ್ಸೆಯಿದೆ, ಹೋದ ಜೀವಕ್ಕೆ ಇಲ್ಲ. ಹೀಗೆ ವೈದ್ಯಲೋಕ 90ರ ಮೇಲಿನ ಗುರಿಯನ್ನು ಒಪ್ಪಿತು. ಆದರೆ ಈ ಆಯ್ಕೆಯ ಜೊತೆಗೆ ಒಂದು ಕರ್ತವ್ಯವೂ ಬಂತು: ಈ ಮಕ್ಕಳ ಕಣ್ಣನ್ನು ತಪ್ಪದೆ ಪರೀಕ್ಷಿಸುವುದು.

ಈಗ ನಮ್ಮ ಜಿಲ್ಲೆಗೆ ಬರೋಣ. ಸರ್ಕಾರಿ ವ್ಯವಸ್ಥೆಯಲ್ಲಿ ಹೆರಿಗೆಯಾಗುವ ಕಡೆಯೆಲ್ಲ ನವಜಾತ ಶಿಶುವಿಗೊಂದು ಆರೈಕೆಯ ಜಾಗ, ತಾಲ್ಲೂಕು ಮಟ್ಟದಲ್ಲಿ ಮಗುವಿನ ಸ್ಥಿತಿ ಸುಧಾರಿಸುವ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಆರೈಕೆ ಘಟಕ ಇರಬೇಕು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ದಿನ ತುಂಬದೆ ಹುಟ್ಟಿದ ಮಗು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆಗೋ, ಇನ್ನೂ ಮುಂದೆ ಬೆಂಗಳೂರಿಗೋ ಹೋಗಬೇಕಾಗಬಹುದು. ಆ ದಾರಿಯುದ್ದಕ್ಕೂ ಮಗುವಿಗೆ ಸಿಗುವ ಆಮ್ಲಜನಕಕ್ಕೆ ಅಳತೆ ಬೇಕು. ಸಿಲಿಂಡರಿನಿಂದ ಬರುವುದು ಬಹುತೇಕ ಶುದ್ಧ ಆಮ್ಲಜನಕ. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇ 21 ಮಾತ್ರ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುವ ಬ್ಲೆಂಡರ್ ಎಂಬ ಉಪಕರಣವಿದ್ದರೆ ಮಾತ್ರ ದಾದಿ ಶೇ 30 ಅಥವಾ 40ರಷ್ಟು ಕೊಡಬಲ್ಲರು. ಆಕ್ಸಿಮೀಟರ್ 100 ತೋರಿಸಿದಾಗ ಇಳಿಸಲು ಕೈಯಲ್ಲಿ ಒಂದು ತಿರುಗಣೆ ಇರಬೇಕು. ಇಲ್ಲದಿದ್ದರೆ ಯಂತ್ರ ಎಚ್ಚರಿಸಿಯೂ ಫಲವಿಲ್ಲ. ಆಮ್ಲಜನಕ ಘಟಕಗಳಿಗೆ ಖರ್ಚು ಮಾಡುವಾಗ ಬ್ಲೆಂಡರಿಗೂ, ಶಿಶುಗಳ ಅಳತೆಯ ಪ್ರೋಬ್‌ಗಳಿಗೂ ಹಣ ಇಡಲೇಬೇಕು.

ಯಂತ್ರವನ್ನು ಕಟ್ಟಿ ಸುಮ್ಮನಾಗುವಂತೆಯೂ ಇಲ್ಲ. ಮಗು ಕಾಲಾಡಿಸಿದರೆ, ಪಾದ ತಣ್ಣಗಿದ್ದರೆ, ಕಾಮಾಲೆಗೆ ಹಚ್ಚಿದ ನೀಲಿ ದೀಪದ ಬೆಳಕು ಪ್ರೋಬ್ ಮೇಲೆ ಬಿದ್ದರೆ ಅಂಕಿ ತಪ್ಪುತ್ತದೆ. ಪಟ್ಟಿ ಬಿಗಿಯಾದರೆ ಕಾಗದದಷ್ಟು ತೆಳುವಾದ ಚರ್ಮಕ್ಕೆ ಗಾಯವಾಗುತ್ತದೆ. ಕೆಲವು ಗಂಟೆಗೊಮ್ಮೆ ಜಾಗ ಬದಲಿಸಬೇಕು. ಚರ್ಮದ ಬಣ್ಣ ಗಾಢವಾಗಿದ್ದಷ್ಟೂ ಯಂತ್ರ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದೆಂದು ಅಧ್ಯಯನಗಳು ಹೇಳಿವೆ. 34 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳು ಉಸಿರಾಡುವುದನ್ನೇ 20 ಸೆಕೆಂಡಿಗೂ ಹೆಚ್ಚು ಹೊತ್ತು ಮರೆಯುವುದುಂಟು. ಆಗ ಅಂಗಾಲು ಮೆಲ್ಲನೆ ತಟ್ಟಿದರೆ ಎಷ್ಟೋ ಬಾರಿ ಉಸಿರು ಮರಳುತ್ತದೆ. ಅಲಾರಂ ಕೇಳಿದ ಕೂಡಲೇ ಆಮ್ಲಜನಕ ಏರಿಸಿ, ಮಗು ಸುಧಾರಿಸಿದ ಮೇಲೆ ಇಳಿಸಲು ಮರೆಯುವುದೇ ಅಪಾಯ. ಒಬ್ಬ ದಾದಿಯ ಪಾಲಿಗೆ ಎಷ್ಟು ಮಕ್ಕಳು ಎಂಬ ಪ್ರಶ್ನೆ ಅದಕ್ಕೇ ಕಣ್ಣಿನ ಪ್ರಶ್ನೆಯೂ ಹೌದು.

ಕಣ್ಣಿನ ಪರೀಕ್ಷೆಯಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ 'ಕಿಡ್‌ರಾಪ್' ಯೋಜನೆ ಶುರುವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಘಟಕಗಳಿಗೆ ಹೋಗುತ್ತಾರೆ, ಮಗುವಿನ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಚಿತ್ರಗಳನ್ನು ತಜ್ಞರು ಇಂಟರ್ನೆಟ್ ಮೂಲಕ ದೂರದಿಂದಲೇ ನೋಡಿ ವರದಿ ಕೊಡುತ್ತಾರೆ. ಅಂಥ 20,214 ಪರೀಕ್ಷೆಗಳ ವರದಿ 2015ರಲ್ಲಿ ಪ್ರಕಟವಾಯಿತು. ದುಬಾರಿ ವಿದೇಶಿ ಕ್ಯಾಮೆರಾಗೆ ಬದಲಾಗಿ ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆ '3ನೇತ್ರ ನಿಯೊ' ಎಂಬ ಕ್ಯಾಮೆರಾವನ್ನು ಇಲ್ಲೇ ತಯಾರಿಸಿತು. ರೋಗ ಸಕಾಲದಲ್ಲಿ ಕಂಡರೆ ಲೇಸರ್ ಅಥವಾ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ನಿನಿಂದ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುತ್ತದೆ. ಚಿಕಿತ್ಸೆ ಬೇಕೆಂದು ಹೇಳಿದ ಎರಡು ಮೂರು ದಿನಗಳಲ್ಲೇ ಅದು ಆಗಬೇಕು.

ಕೊಂಡಿ ಕಳಚುವುದು ಮನೆಗೆ ಬಂದ ಮೇಲೆ. ಮೊದಲ ಪರೀಕ್ಷೆ ಹುಟ್ಟಿದ ನಾಲ್ಕು ವಾರದೊಳಗೆ ಆಗಬೇಕು. ತೀರಾ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರಕ್ಕೇ. ಅಷ್ಟರಲ್ಲಿ ಮಗು ತೂಕ ಹಾಕಿ, ಹಾಲು ಕುಡಿಯಲು ಕಲಿತು, ಬಾಣಂತಿಯ ಜೊತೆ ತವರು ಸೇರಿರುತ್ತದೆ. ಮುಳಬಾಗಿಲಿನ ಎಷ್ಟೋ ಹೆಣ್ಣುಮಕ್ಕಳ ತವರು ಗಡಿಯಾಚೆಯ ಆಂಧ್ರದ ಹಳ್ಳಿ. ಆಸ್ಪತ್ರೆಯ ಪುಸ್ತಕದಲ್ಲಿ ಗಂಡನ ಮನೆಯ ವಿಳಾಸ ಇರುತ್ತದೆ, ಮಗು ಇನ್ನೊಂದು ರಾಜ್ಯದಲ್ಲಿರುತ್ತದೆ. ಮಗು ಕಣ್ಣು ಬಿಟ್ಟು ನೋಡುತ್ತಿದೆ, ಹೊರಗಿನಿಂದ ಯಾವ ದೋಷವೂ ಕಾಣುವುದಿಲ್ಲ. ಚಳಿಯಲ್ಲಿ ಎಳೆಗೂಸನ್ನು ಹೊರಗೆ ಒಯ್ಯುವುದು ಬೇಡ ಎಂದು ಅಜ್ಜಿ ಹೇಳುವುದು ಪ್ರೀತಿಯಿಂದಲೇ. ಆದರೆ ಆ ಕೆಲವು ವಾರ ಕಳೆದರೆ ಚಿಕಿತ್ಸೆಯ ಕಾಲವೂ ಕಳೆದುಹೋಗುತ್ತದೆ.

ಆದ್ದರಿಂದ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮಗು ಆಮ್ಲಜನಕದಲ್ಲಿದ್ದರೆ "ಎಷ್ಟು ಪರ್ಸೆಂಟ್ ಕೊಡುತ್ತಿದ್ದೀರಿ, ಸ್ಯಾಚುರೇಷನ್ ಎಷ್ಟರಲ್ಲಿ ಇಟ್ಟಿದ್ದೀರಿ?" ಎಂದು ಸಂಕೋಚವಿಲ್ಲದೆ ಕೇಳಿ. ಬಿಡುಗಡೆಯ ದಿನ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖು ಬರೆಸಿಕೊಳ್ಳಿ, ತವರಿನ ಫೋನ್ ನಂಬರನ್ನೂ ಕೊಡಿ. ಆಶಾ ಕಾರ್ಯಕರ್ತೆಯರು ಲಸಿಕೆಯ ತಾರೀಖಿನ ಜೊತೆಗೆ ಈ ತಾರೀಖನ್ನೂ ನೆನಪಿಸಲಿ. 2 ಕಿಲೊಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದ ಪ್ರತಿ ಮಗುವಿನ ಕಣ್ಣನ್ನೂ 30 ದಿನ ತುಂಬುವುದರೊಳಗೆ ತಜ್ಞರು ನೋಡಲೇಬೇಕು. ಒಮ್ಮೆ ನೋಡಿದರೆ ಮುಗಿಯಿತು ಎನ್ನಬೇಡಿ; ಇನ್ನು ಬರಬೇಕಿಲ್ಲ ಎಂದು ವೈದ್ಯರೇ ಹೇಳುವ ತನಕ ಹೋಗುತ್ತಿರಿ.