ಬೆರಳು ಹೋಯಿತು, ನಾದ ಉಳಿಯಿತು

1965ನೆಯ ಇಸವಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಗಡಿನ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷದ ತರುಣನೊಬ್ಬನಿಗೆ ಅದು ಕೆಲಸದ ಕೊನೆಯ ದಿನ. ಗಿಟಾರ್ ವಾದಕನಾಗಿ ವಾದ್ಯತಂಡವೊಂದರೊಡನೆ ಜರ್ಮನಿಗೆ ಹೊರಡುವ ಸಂಭ್ರಮದಲ್ಲಿದ್ದ ಅವನು, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲೊಲ್ಲೆನೆಂದ. ಹಿಡಿದ ಕೆಲಸವನ್ನು ಮುಗಿಸಿಯೇ ಬರಬೇಕೆಂದು ತಾಯಿ ಕಳುಹಿಸಿದಳು. ಅಂದು ಕೆಲಸಗಾರನೊಬ್ಬ ಬಂದಿರಲಿಲ್ಲ. ಅವನ ಯಂತ್ರದ ಮುಂದೆ ಈತನನ್ನು ನಿಲ್ಲಿಸಿದರು. ಕ್ಷಣಾರ್ಧದಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋಯಿತು.

ಎಡಚನಾದ ಈ ತರುಣ ಗಿಟಾರಿನ ತಂತಿಗಳನ್ನು ಒತ್ತುತ್ತಿದ್ದುದು ಆ ಬಲಗೈಯ ಬೆರಳುಗಳಿಂದಲೇ. ಇನ್ನು ವಾದ್ಯದ ಆಸೆಯನ್ನು ಬಿಡುವುದೇ ಲೇಸೆಂದು ವೈದ್ಯರು ಹೇಳಿದರು.

ಆ ತರುಣನೇ ಮುಂದೆ ಲೋಕಪ್ರಸಿದ್ಧರಾದ ಟೋನಿ ಅಯೋಮಿ. ಬಾಲ್ಯದಲ್ಲಿ ಅವರ ಮನಸ್ಸನ್ನು ಸೆರೆಹಿಡಿದಿದ್ದುದು ‘ಶ್ಯಾಡೋಸ್’ ಎಂಬ ತಂಡ. 1960ರಲ್ಲಿ ‘ಅಪಾಚಿ’ ಎಂಬ, ಹಾಡುಗಾರಿಕೆಯೇ ಇಲ್ಲದ ವಾದನದಿಂದ ಇಂಗ್ಲೆಂಡನ್ನು ಮರುಳುಮಾಡಿದ ತಂಡವದು. ಅದರ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ನರ ಇಂಪಾದ ನಾದವನ್ನು ಅಯೋಮಿ ಇಳಿವಯಸ್ಸಿನಲ್ಲಿಯೂ ಅಕ್ಕರೆಯಿಂದ ನೆನೆಯುತ್ತಾರೆ.

ಕೈಕಟ್ಟಿ ಕುಳಿತಿದ್ದ ಹುಡುಗನಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದ. ಅದು ಜ್ಯಾಂಗೋ ರೈನ್‌ಹಾರ್ಟ್ ಅವರದು. 1928ರಲ್ಲಿ ಬೆಂಕಿಯ ಅನಾಹುತದಿಂದ ಎಡಗೈಯ ಎರಡು ಬೆರಳುಗಳು ನಿಷ್ಕ್ರಿಯವಾಗಿದ್ದರೂ ಗಿಟಾರನ್ನು ಗೆದ್ದ ಮಹಾನುಭಾವ! ಇದನ್ನು ತಿಳಿದ ಮೇಲೆ ಹುಡುಗನಲ್ಲಿ ಹೊಸ ಹುರುಪು ಮೂಡಿತು. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ, ಉಜ್ಜಿ, ಬೆರಳ ತುದಿಗೆ ಪುಟ್ಟ ಟೊಪ್ಪಿಗೆಗಳನ್ನು ಮಾಡಿಕೊಂಡ. ತಂತಿ ಜಾರದಂತೆ ಮೇಲೆ ತೊಗಲಿನ ತುಂಡನ್ನು ಅಂಟಿಸಿದ. ಒತ್ತಲು ಸುಲಭವಾಗಲೆಂದು ತೆಳುವಾದ ತಂತಿಗಳನ್ನು ಕಟ್ಟಿದ. ಮುಂದೆ 1971ರ ಹೊತ್ತಿಗೆ ಕೆಲವು ಹಾಡುಗಳಿಗಾಗಿ ಶ್ರುತಿಯನ್ನೇ ಕೆಳಗಿಳಿಸಿದ್ದೂ ಉಂಟು. ನಾದಕ್ಕೆ ಗವಿಯೊಳಗಿನ ಗುಡುಗಿನಂತಹ ಗಾಂಭೀರ್ಯ ಬಂದಿತು.

ಆಜೀ ಆಸ್ಬರ್ನ್, ಗೀಜರ್ ಬಟ್ಲರ್ ಮತ್ತು ಬಿಲ್ ವಾರ್ಡ್ ಅವರೊಡನೆ ಅಯೋಮಿ ಕಟ್ಟಿದ ತಂಡವೇ ‘ಬ್ಲ್ಯಾಕ್ ಸಬತ್’. 1969ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ಹಾಡಿ ಮುಗಿಸಿದ ಅವರ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರಂದು ಹೊರಬಂದಿತು. ವಿಮರ್ಶಕರು ಹರಿಹಾಯ್ದರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್, ಇದು ‘ಕ್ರೀಮ್’ ಎಂಬ ತಂಡದ ಕಳಪೆ ನಕಲೆಂದು ತಳ್ಳಿಹಾಕಿದರು. ಕಾರ್ಖಾನೆಗಳ ಊರಿನ ಬಡ ಹುಡುಗರ ಬದುಕಿನ ಕತ್ತಲೆ ಆ ನಾದದಲ್ಲಿತ್ತು; ಪಂಡಿತರ ಕಿವಿಗೆ ಕೇಳಿಸಿದುದು ಒರಟುತನ ಮಾತ್ರ.

ಆದರೆ ಕೊಂಡು ಕೇಳುವ ಜನ ವಿಮರ್ಶೆಗಾಗಿ ಕಾಯಲಿಲ್ಲ. ಆ ಧ್ವನಿಮುದ್ರಿಕೆ ಇಂಗ್ಲೆಂಡಿನ ಜನಪ್ರಿಯತೆಯ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೇರಿತು. ಅದೇ ವರ್ಷ ಬಂದ ‘ಪ್ಯಾರನಾಯ್ಡ್’ ಮೊದಲ ಸ್ಥಾನವನ್ನೇ ಪಡೆಯಿತು. ಈ ಹುಡುಗರ ನಾದದಿಂದಲೇ ‘ಹೆವಿ ಮೆಟಲ್’ ಎಂಬ ಹೊಸ ಸಂಗೀತಪ್ರಕಾರ ಬೆಳೆಯಿತು.

ಬ್ಯಾಂಗ್ಸ್ ಅವರನ್ನೂ ಮೆಚ್ಚಬೇಕು. 1972ರಲ್ಲಿ ‘ಕ್ರೀಮ್’ ಎಂಬ ಹೆಸರಿನದೇ ಆದ ಪತ್ರಿಕೆಯೊಂದರಲ್ಲಿ ಇದೇ ತಂಡದ ಬಗ್ಗೆ ಸಹಾನುಭೂತಿಯಿಂದ ದೀರ್ಘ ಲೇಖನ ಬರೆದರು. ‘ರೋಲಿಂಗ್ ಸ್ಟೋನ್’ ಕೂಡ 2017ರಲ್ಲಿ ಹೆವಿ ಮೆಟಲ್‌ನ ಶ್ರೇಷ್ಠ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ‘ಪ್ಯಾರನಾಯ್ಡ್’ಗೆ ಅಗ್ರಸ್ಥಾನವನ್ನಿತ್ತಿತು. ತಪ್ಪು ತಿದ್ದಿಕೊಳ್ಳಲು ಒಬ್ಬ ಬರಹಗಾರನಿಗೆ ಎರಡು ವರ್ಷ ಸಾಕಾದರೆ, ಪತ್ರಿಕೆಗೆ ನಲವತ್ತೇಳು ವರ್ಷ ಹಿಡಿಯಿತು!

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ಆಸ್ಟನ್ ಬಡಾವಣೆಯ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ನಾಲ್ವರು ಗೆಳೆಯರೂ ಕಡೆಯ ಬಾರಿಗೆ ಒಟ್ಟಾಗಿ ಕಛೇರಿ ನಡೆಸಿದರು. ಕಾಯಿಲೆಯಿಂದ ಬಳಲಿದ್ದ ಆಸ್ಬರ್ನ್ ಕುಳಿತೇ ಹಾಡಿದರು. ಜುಲೈ 22ರಂದು ತೀರಿಕೊಂಡರು. ಎಪ್ಪತ್ತೇಳರ ಅಯೋಮಿ ಅಂದು ತಂತಿ ಮೀಟಿದಾಗ, ಅರವತ್ತು ವರ್ಷಗಳ ಹಿಂದೆ ವೈದ್ಯರು ಆಡಿದ ಮಾತನ್ನಾಗಲಿ ವಿಮರ್ಶಕರು ಬರೆದುದನ್ನಾಗಲಿ ನೆನೆದವರು ಆ ಜನಸಾಗರದಲ್ಲಿ ಎಷ್ಟು ಮಂದಿ? ಕೇಳಿದುದು ನಾದವೊಂದೇ.